ಹೋಟೆಲ್ ದೋಸೆಯ ಆಲೂಗಡ್ಡೆ ಪಲ್ಯ ಮನೆಯಲ್ಲೇ

ಮನೆಯಲ್ಲಿ ಮಸಾಲೆ ದೋಸೆ ಮಾಡಿದ ದಿನ ದೋಸೆ ಗರಿಗರಿಯಾಗಿ ಬಂದಿರುತ್ತದೆ. ಚಟ್ನಿಯೂ ಚೆನ್ನಾಗಿರುತ್ತದೆ. ಪಲ್ಯ ಬಾಯಿಗಿಟ್ಟರೆ ಮಾತ್ರ ಏನೋ ಕಡಿಮೆ. ಒಣ ಒಣ, ಗಂಟಲಿಗೆ ಹಿಡಿಯುವ ಹಾಗೆ. ಮುಂದಿನ ಸಲ ಸ್ವಲ್ಪ ಖಾರದ ಪುಡಿ, ಸ್ವಲ್ಪ ಧನಿಯಾ ಪುಡಿ, ಚಿಟಿಕೆ ಗರಂ ಮಸಾಲೆ ಸೇರಿಸಿ ನೋಡುತ್ತೇವೆ. ಬಣ್ಣ ಬದಲಾಗುತ್ತದೆ, ಆ ಹೋಟೆಲ್ ರುಚಿ ಬರುವುದಿಲ್ಲ.

ನಮ್ಮ ಕಡೆಯ ದೋಸೆ ಪಲ್ಯಕ್ಕೆ ಅರಿಸಿನ ಬಿಟ್ಟರೆ ಬೇರೆ ಪುಡಿ ಬೇಕಾಗಿಲ್ಲ. ಖಾರ ಹಸಿಮೆಣಸಿನಕಾಯಿಯದು. ಘಮ ಶುಂಠಿ, ಇಂಗು, ಕರಿಬೇವಿನದು. ಸಿಹಿ ಈರುಳ್ಳಿಯದು. ಇದೆಲ್ಲ ಆಲೂಗಡ್ಡೆಯೊಳಗೆ ಇಳಿಯಬೇಕಾದರೆ ನೀರು ಬೇಕು. ಈರುಳ್ಳಿ ನೀರಿನಲ್ಲಿ ಮೆತ್ತಗೆ ಬೇಯಬೇಕು, ಆ ನೀರನ್ನು ಆಲೂಗಡ್ಡೆ ಕುಡಿಯಬೇಕು. ಪಲ್ಯದ ರುಚಿ ನಿಂತಿರುವುದು ಇದರ ಮೇಲೆ.

ನನಗೆ ಇದು ಗೊತ್ತಾಗಿದ್ದು ಒಂದು ಮದುವೆ ಮನೆಯಲ್ಲಿ. ಬೆಳಗಿನ ತಿಂಡಿಗೆ ಪೂರಿ, ಪಲ್ಯ. ದೊಡ್ಡ ಬಾಣಲೆಯಲ್ಲಿ ಈರುಳ್ಳಿ ರಾಶಿ ಬಿದ್ದಿತ್ತು. ಅದು ಕೆಂಪಗಾಗುವುದನ್ನೇ ನೋಡುತ್ತಾ ನಾನು ಪಕ್ಕದಲ್ಲಿ ನಿಂತಿದ್ದೆ. ಅಡುಗೆ ಭಟ್ಟರು ಈರುಳ್ಳಿ ಇನ್ನೂ ಬೆಳ್ಳಗಿರುವಾಗಲೇ ಒಂದು ಚೊಂಬು ನೀರು ಸುರಿದುಬಿಟ್ಟರು. ನಾನು ಅಯ್ಯೋ ಅಂದೆ. 'ಇದನ್ನ ಹುರಿಯೋದಲ್ಲ ಅಮ್ಮ, ಬೇಯಿಸೋದು' ಅಂದರು ಅವರು. ಅಂದಿನಿಂದ ನಮ್ಮ ಮನೆಯ ಪಲ್ಯ ಬೇರೆಯೇ ಆಯಿತು.

ಏನೇನು ಬೇಕು

ನಾಲ್ಕು ಜನಕ್ಕೆ ಅರ್ಧ ಕೆ.ಜಿ. ಆಲೂಗಡ್ಡೆ ಸಾಕು. ಅದಕ್ಕೆ ಕಾಲು ಕೆ.ಜಿ. ಈರುಳ್ಳಿ, ಅಂದರೆ ಮಧ್ಯಮ ಗಾತ್ರದವು 3. ಈರುಳ್ಳಿ ಇದಕ್ಕಿಂತ ಕಡಿಮೆ ಮಾಡಬೇಡಿ. ಹಸಿಮೆಣಸಿನಕಾಯಿ 5, ಖಾರ ಜಾಸ್ತಿ ಇದ್ದರೆ 3. ಒಂದು ಇಂಚು ಶುಂಠಿ, ಎರಡು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ಒಗ್ಗರಣೆಗೆ 3 ದೊಡ್ಡ ಚಮಚ ಎಣ್ಣೆ, 1 ಚಮಚ ಸಾಸಿವೆ, 1 ದೊಡ್ಡ ಚಮಚ ಕಡಲೆಬೇಳೆ, 1 ಚಮಚ ಉದ್ದಿನಬೇಳೆ, ಎರಡು ಚಿಟಿಕೆ ಇಂಗು. ಅರಿಸಿನ ಕಾಲು ಚಮಚ ಮಾತ್ರ. ಬಣ್ಣ ಬರಲಿ ಎಂದು ಮುಕ್ಕಾಲು ಚಮಚ ಸುರಿದರೆ ಕಹಿಯಾಗುತ್ತದೆ. ಜೊತೆಗೆ ಉಪ್ಪು ಮತ್ತು ಒಂದು ಲೋಟ ಬಿಸಿನೀರು.

ಯಾವ ಆಲೂಗಡ್ಡೆ?

ಅಂಗಡಿಯಲ್ಲಿ ಆಲೂಗಡ್ಡೆಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ. ಸಿಪ್ಪೆ ತೆಳ್ಳಗೆ ಸುಲಿದು ಬಂದರೆ ಅದು ಹೊಸ ಗಡ್ಡೆ. ಅದರಲ್ಲಿ ನೀರು ಜಾಸ್ತಿ. ಬೇಯಿಸಿದರೂ ಬಿಗಿಯಾಗಿ, ತುಸು ಅಂಟಂಟಾಗಿ ಉಳಿಯುತ್ತದೆ. ಹುಳಿಗೆ, ಸಾಗುವಿಗೆ ಅದೇ ಒಳ್ಳೆಯದು, ಹೋಳು ಕರಗುವುದಿಲ್ಲ. ಪಲ್ಯಕ್ಕೆ ಬೇಕಾದದ್ದು ಸಿಪ್ಪೆ ಗಟ್ಟಿಯಾದ ಹಳೇ ಗಡ್ಡೆ. ಅದು ಬೆಂದರೆ ಹಿಟ್ಟು ಹಿಟ್ಟಾಗಿ ಬಿರಿಯುತ್ತದೆ, ಮಸಾಲೆ ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ.

ನಮ್ಮಲ್ಲಿ ಆಲೂಗಡ್ಡೆ ಅಂದರೆ ಮೊದಲು ನೆನಪಾಗುವುದು ಹಾಸನ. ಅಲ್ಲಿ ಮಳೆ ನಂಬಿ ಮುಂಗಾರಿನಲ್ಲಿ ಇದನ್ನು ಬೆಳೆಯುತ್ತಾರೆ. ಬಿತ್ತನೆ ಗಡ್ಡೆ ಬರುವುದು ದೂರದ ಪಂಜಾಬಿನ ಜಲಂಧರ್ ಕಡೆಯಿಂದ. ಹಾಸನದ ರೈತರು ಬಹಳ ವರ್ಷಗಳಿಂದ ನೆಚ್ಚಿಕೊಂಡ ತಳಿ ಕುಫ್ರಿ ಜ್ಯೋತಿ, ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ಕೋಲಾರ, ಚಿಕ್ಕಬಳ್ಳಾಪುರ, ಬೆಳಗಾವಿ ಕಡೆಯೂ ಆಲೂಗಡ್ಡೆ ಬೆಳೆಯುತ್ತಾರೆ. ಉತ್ತರ ಕರ್ನಾಟಕದವರು ಇದನ್ನು ಬಟಾಟೆ ಅನ್ನುತ್ತಾರೆ. ಅದು ಪೋರ್ಚುಗೀಸರು ತಂದ ಹೆಸರು. ಈ ಪಲ್ಯದ ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ನಮ್ಮಲ್ಲಿಗೆ ಬಂದವು.

ಹಸಿರು ಬಣ್ಣ ತಿರುಗಿದ ಗಡ್ಡೆ ಕೊಳ್ಳಬೇಡಿ. ಬೆಳಕಿಗೆ ಬಿದ್ದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷದ ಅಂಶ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲೂ ಇಡಬೇಡಿ. ತಣ್ಣಗಿನ ಜಾಗದಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಪಲ್ಯಕ್ಕೆ ಬೇಡದ ಸಿಹಿ ಬರುತ್ತದೆ. ಗಾಳಿಯಾಡುವ ಕತ್ತಲೆ ಮೂಲೆಯೇ ಸರಿ.

ಬೇಯಿಸುವುದು

ಆಲೂಗಡ್ಡೆಯನ್ನು ಚೆನ್ನಾಗಿ ತೊಳೆದು, ಸಿಪ್ಪೆ ತೆಗೆಯದೆ, ತುಂಬ ದೊಡ್ಡದಿದ್ದರೆ ಎರಡು ಹೋಳು ಮಾಡಿ ಕುಕ್ಕರಿಗೆ ಹಾಕಿ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ಬೇಯಿಸಿದರೆ ಬೇಗ ಆಗುತ್ತದೆ ನಿಜ, ಆದರೆ ಹೋಳಿನೊಳಗೆಲ್ಲ ನೀರು ಸೇರಿಕೊಂಡು ಪಲ್ಯ ಸಪ್ಪೆಯಾಗುತ್ತದೆ. ಗಡ್ಡೆ ಮುಕ್ಕಾಲು ಮುಳುಗುವಷ್ಟು ನೀರು, ಅದಕ್ಕೆ ಒಂದು ಚಮಚ ಉಪ್ಪು. ಮಧ್ಯಮ ಉರಿಯಲ್ಲಿ 3 ಕೂಗು.

ಆವಿ ತಾನಾಗಿಯೇ ಇಳಿಯಲಿ. ಮುಚ್ಚಳ ತೆಗೆದ ತಕ್ಷಣ ನೀರು ಬಸಿದುಬಿಡಿ. ಅದೇ ನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಗಡ್ಡೆ ನೀರು ಕುಡಿದು ಪಿಚಪಿಚ ಅನ್ನುತ್ತದೆ. ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಗಡ್ಡೆ ಮಾತ್ರ ಒಡೆಯಬಾರದು. ಅದು ಹದ.

ಬಿಸಿ ಇರುವಾಗಲೇ ಸಿಪ್ಪೆ ಸುಲಿಯಿರಿ, ಬಟ್ಟೆಯಲ್ಲಿ ಹಿಡಿದುಕೊಂಡರೆ ಕೈ ಸುಡುವುದಿಲ್ಲ. ಆಮೇಲೆ ಕೈಯಲ್ಲೇ ಪುಡಿ ಮಾಡಿ. ಮೂರರಲ್ಲಿ ಎರಡು ಪಾಲು ಬೆರಳ ತುದಿಯಷ್ಟು ಹೋಳುಗಳಾಗಿ ಉಳಿಯಲಿ, ಒಂದು ಪಾಲು ನುಣ್ಣಗೆ ಆಗಲಿ. ನುಣ್ಣಗಾದದ್ದು ಮಸಾಲೆ ನೀರಿಗೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ, ಹೋಳು ಬಾಯಿಗೆ ಸಿಗುತ್ತದೆ. ಮಿಕ್ಸಿಗೆ ಮಾತ್ರ ಹಾಕಲೇಬೇಡಿ. ಪಿಷ್ಟವೆಲ್ಲ ಹೊರಬಂದು ಗೋಂದಿನ ಹಾಗೆ ಆಗುತ್ತದೆ, ಮತ್ತೆ ಅದನ್ನು ಸರಿಮಾಡುವ ದಾರಿ ಇಲ್ಲ.

ಒಗ್ಗರಣೆ, ಈರುಳ್ಳಿ

ದಪ್ಪ ತಳದ ಬಾಣಲೆ ತೆಗೆದುಕೊಳ್ಳಿ. ಎಣ್ಣೆ ಕಾದ ಮೇಲೆ ಸಾಸಿವೆ. ಅದು ಪೂರ್ತಿ ಸಿಡಿದು ಸದ್ದು ಕಡಿಮೆಯಾಗುವವರೆಗೆ ಕಾಯಿರಿ. ಸಿಡಿಯದ ಸಾಸಿವೆ ಪಲ್ಯದಲ್ಲಿ ಕಹಿ. ಈಗ ಉರಿ ಸಣ್ಣ ಮಾಡಿ ಕಡಲೆಬೇಳೆ ಹಾಕಿ. ಅದು ಬಣ್ಣ ತಿರುಗಲು ಶುರುವಾದಾಗ ಉದ್ದಿನಬೇಳೆ. ಎರಡನ್ನೂ ಒಟ್ಟಿಗೆ ಹಾಕಿದರೆ ಕಡಲೆಬೇಳೆ ಹುರಿಯುವಷ್ಟರಲ್ಲಿ ಉದ್ದು ಸೀದು ಹೋಗಿರುತ್ತದೆ. ಬೇಳೆ ಕೆಂಪಗಾದ ಕೂಡಲೇ ಇಂಗು, ಕರಿಬೇವು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ತುರಿದ ಶುಂಠಿ. ಅರ್ಧ ನಿಮಿಷ ಸಾಕು.

ಈಗ ಈರುಳ್ಳಿ. ಉದ್ದುದ್ದ, ತೆಳ್ಳಗೆ ಹೆಚ್ಚಿರಬೇಕು. ಬಾಣಲೆಗೆ ಹಾಕಿ ಅರ್ಧ ಚಮಚ ಉಪ್ಪು ಉದುರಿಸಿ. ಉಪ್ಪು ಬಿದ್ದರೆ ಈರುಳ್ಳಿ ಬೇಗ ನೀರು ಬಿಡುತ್ತದೆ. ಎರಡು ಮೂರು ನಿಮಿಷ ಮಗುಚಿ. ಹಸಿ ವಾಸನೆ ಹೋಗಿ, ಎಸಳುಗಳು ಬಾಗಿ, ಗಾಜಿನ ಹಾಗೆ ಹೊಳೆಯಲು ಶುರುವಾಗುತ್ತವೆ. ಅಂಚು ಕೆಂಪಾಗುವ ಮೊದಲೇ ಅರಿಸಿನ ಹಾಕಿ ಒಮ್ಮೆ ಕಲಸಿ. ಅರಿಸಿನದ ಬಣ್ಣ ಕರಗುವುದು ಎಣ್ಣೆಯಲ್ಲಿ. ಹಾಗಾಗಿ ಅದನ್ನು ಕೊನೆಯಲ್ಲಿ ಆಲೂಗಡ್ಡೆ ಮೇಲೆ ಉದುರಿಸಿದರೆ ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಬಿಳಿ ಆಗುತ್ತದೆ.

ಅರ್ಧ ಲೋಟ ಬಿಸಿನೀರು ಸುರಿಯಿರಿ. ಚೊರ್ ಎಂದು ಸದ್ದಾಗಿ ಬಾಣಲೆಯಿಂದ ಶುಂಠಿ, ಇಂಗಿನ ಘಮ ಮೇಲೇಳುತ್ತದೆ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ಬಿಡಿ. ಈ ಹೊತ್ತಿನಲ್ಲೇ ಎಲ್ಲರೂ ಅವಸರ ಮಾಡುವುದು. ದಯವಿಟ್ಟು ಬೇಡ. ಮುಚ್ಚಳ ತೆಗೆದು ನೋಡಿದರೆ ನೀರು ತೆಳು ಹಳದಿ ಸಾರಿನ ಹಾಗಾಗಿರುತ್ತದೆ, ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲುತ್ತಿರುತ್ತವೆ. ಒಂದು ಎಸಳು ಈರುಳ್ಳಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯ ಹಾಗೆ ಜಾರಬೇಕು. ಕಚ್ಚಿದರೆ ಕರುಂ ಅಂದರೆ ಇನ್ನೆರಡು ನಿಮಿಷ ಬಿಡಿ. ಕಡಲೆಬೇಳೆಯೂ ಅಷ್ಟರಲ್ಲಿ ಮೆತ್ತಗಾಗಿ, ಹಲ್ಲಿಗೆ ಕಲ್ಲಿನ ಹಾಗೆ ಸಿಗುವುದು ತಪ್ಪುತ್ತದೆ. ಆ ನೀರನ್ನು ಒಂದು ಚಮಚ ತೆಗೆದು ರುಚಿ ನೋಡಿ. ಪಲ್ಯದ ರುಚಿ ಆಗಲೇ ಅದರಲ್ಲಿರುತ್ತದೆ. ಉಪ್ಪು, ಖಾರ ಸ್ವಲ್ಪ ಮುಂದೆಯೇ ಇರಬೇಕು, ಆಲೂಗಡ್ಡೆ ಬಿದ್ದ ಮೇಲೆ ಅದು ಸರಿಹೋಗುತ್ತದೆ.

ಸೇರಿಸುವುದು

ಪುಡಿ ಮಾಡಿದ ಆಲೂಗಡ್ಡೆ ಹಾಕಿ ಕೆಳಗಿನಿಂದ ಮೇಲಕ್ಕೆ ಹಗುರವಾಗಿ ಮಗುಚಿ. ಗಡಿಬಿಡಿಯಲ್ಲಿ ಕಲಸಿದರೆ ಹೋಳೆಲ್ಲ ಮುದ್ದೆಯಾಗುತ್ತದೆ. ಉಳಿದ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಒಲೆಯ ಮೇಲಿರುವಾಗ ಪಲ್ಯ ನಿಮಗೆ ಬೇಕಾದದ್ದಕ್ಕಿಂತ ತುಸು ಸಡಿಲವಾಗಿರಲಿ, ಯಾಕೆಂದರೆ ಆರುತ್ತಾ ಆರುತ್ತಾ ಆಲೂಗಡ್ಡೆ ನೀರು ಎಳೆದು ಗಟ್ಟಿಯಾಗುತ್ತದೆ. ಮನೆಯ ಪಲ್ಯ ಗಂಟಲಿಗೆ ಹಿಡಿಯುವುದು ಇಲ್ಲೇ: ಬಾಣಲೆಯಲ್ಲೇ ಗಟ್ಟಿ ಮಾಡಿಬಿಟ್ಟಿರುತ್ತೇವೆ. ಸೌಟಿನಲ್ಲಿ ತೆಗೆದು ಓರೆ ಮಾಡಿದರೆ ನಿಧಾನವಾಗಿ ಜಾರಿ ಬೀಳಬೇಕು. ಮುಚ್ಚಿ 3 ನಿಮಿಷ ಸಣ್ಣ ಉರಿಯಲ್ಲಿಟ್ಟು, ಒಲೆ ಆರಿಸಿ.

ನಿಂಬೆರಸ ಒಲೆ ಆರಿಸಿದ ಮೇಲೆಯೇ. ಕುದಿಸಿದರೆ ಅದರ ಘಮ ಹೋಗುತ್ತದೆ. ಕುಕ್ಕರ್ ಬೇಡ, ಹಸಿ ಆಲೂಗಡ್ಡೆಯನ್ನೇ ಬಾಣಲೆಯಲ್ಲಿ ಬೇಯಿಸುತ್ತೇನೆ ಅನ್ನುವವರು ಇನ್ನೊಂದು ಮಾತು ಗಮನಿಸಿ. ಟೊಮೆಟೊ, ಹುಣಸೆ, ನಿಂಬೆ ಯಾವ ಹುಳಿಯೂ ಗಡ್ಡೆ ಬೇಯುವ ಮೊದಲು ಬೀಳಬಾರದು. ಹುಳಿ ಸೇರಿದರೆ ಆಲೂಗಡ್ಡೆ ಬಿಗಿದುಕೊಂಡು ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ. ಕೊನೆಗೆ ಕೊತ್ತಂಬರಿ ಸೊಪ್ಪು, ಕಡ್ಡಿಯ ಎಳೆಯ ಭಾಗವೂ ಇರಲಿ.

ದೋಸೆಗೆ, ಪೂರಿಗೆ

ದೋಸೆಯೊಳಗೆ ಇಡುವಾಗ ಪಲ್ಯ ಬೆಚ್ಚಗಿದ್ದರೆ ಸಾಕು. ಕುದಿ ಬಿಸಿ ಇದ್ದರೆ ಅದರ ಹಬೆಗೆ ದೋಸೆ ಮೆತ್ತಗಾಗುತ್ತದೆ. ಕೆಂಪು ಚಟ್ನಿ ಸವರುವುದಾದರೆ ಪಲ್ಯದ ಹಸಿಮೆಣಸಿನಕಾಯಿ ಎರಡು ಕಡಿಮೆ ಮಾಡಿ. ದಾವಣಗೆರೆಯ ಬೆಣ್ಣೆ ದೋಸೆಗೆ ಕೊಡುವ ಪಲ್ಯ ಇದಕ್ಕಿಂತ ಸರಳ. ಅರಿಸಿನದ ಹಳದಿ ಕಾಣದೆ ಬೆಳ್ಳಗೆ, ಸೌಮ್ಯವಾಗಿ ಇರುತ್ತದೆ. ಬೆಣ್ಣೆಯ ರುಚಿ ಮುಂದೆ ಬರಬೇಕಾದಲ್ಲಿ ಪಲ್ಯ ಸುಮ್ಮನಿರಬೇಕು, ಅಲ್ವಾ?

ಪೂರಿಗೆ ಇನ್ನೂ ತೆಳ್ಳಗಿರಬೇಕು. ಕಾಲು ಲೋಟ ನೀರಿಗೆ ಒಂದು ಚಮಚ ಕಡಲೆಹಿಟ್ಟು ಗಂಟಿಲ್ಲದೆ ಕದಡಿ ಈರುಳ್ಳಿ ನೀರಿಗೆ ಸೇರಿಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ. ಆಮೇಲೆ ಆಲೂಗಡ್ಡೆ. ಈರುಳ್ಳಿ ತಿನ್ನದ ದಿನ ಶುಂಠಿ, ಇಂಗು ಎರಡನ್ನೂ ದುಪ್ಪಟ್ಟು ಮಾಡಿ, ಮೇಲೆ ಎರಡು ಚಮಚ ತೆಂಗಿನತುರಿ ಉದುರಿಸಿ. ಅದೂ ಬಹಳ ರುಚಿ.

ಉಳಿದ ಪಲ್ಯವನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನ ಬಿಗಿದುಕೊಂಡಿರುತ್ತದೆ. ಎರಡು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಸಡಿಲವಾಗುತ್ತದೆ. ಬೋಂಡ ಮಾಡುವ ಯೋಚನೆ ಇದ್ದರೆ ನೀರು ಬೇಡ. ಆ ಬಿಗಿಯೇ ಉಂಡೆ ಕಟ್ಟಲು ಅನುಕೂಲ. ನಿಂಬೆ ಗಾತ್ರದ ಉಂಡೆ ಮಾಡಿ, ಕಡಲೆಹಿಟ್ಟಿನಲ್ಲಿ ಅದ್ದಿ, ನೇರ ಎಣ್ಣೆಗೆ ಬಿಡಿ.