ಪೆಟ್ ಡಿಟೆಕ್ಟರ್ ಕಟ್ಟಿದ ನನ್ನ ಅನುಭವ: ಬೆಳಕು ಎಲ್ಲಿ ಸೋರುತ್ತದೆ?

ಪೆಟ್ ಸ್ಕ್ಯಾನರ್, ಅಂದರೆ ಮೈಗೆ ಕೊಟ್ಟ ವಿಕಿರಣಶೀಲ ಔಷಧಿ ಎಲ್ಲಿ ಸೇರಿದೆ ಅಂತ ಚಿತ್ರ ತೆಗೆಯುವ ಯಂತ್ರದ ಮಾತು ಬಂದರೆ ಜನ ಸಾಫ್ಟ್‌ವೇರ್ ಬಗ್ಗೆಯೇ ಜಾಸ್ತಿ ಕೇಳುತ್ತಾರೆ. ನನ್ನ ಕೆಲಸ ಅದಕ್ಕೂ ಮೊದಲಿನದು, ರೋಗಿಯ ಸುತ್ತ ಉಂಗುರದ ಹಾಗೆ ಕೂರುವ ಡಿಟೆಕ್ಟರ್ ಬ್ಲಾಕ್ ಕಟ್ಟುವುದು. ಅದರಲ್ಲಿ ಗಾಮಾ ಕಿರಣ ಬಡಿದಾಗ ಮಿನುಗುವ ಕ್ರಿಸ್ಟಲ್, ಆ ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಸೆನ್ಸರ್ ಇರುತ್ತವೆ. ದುಡ್ಡು ಕೊಟ್ಟರೆ ಒಳ್ಳೆಯ ಕ್ರಿಸ್ಟಲ್ ಸಿಗುತ್ತದೆ, ಒಳ್ಳೆಯ ಸೆನ್ಸರೂ ಸಿಗುತ್ತದೆ. ಒಂದರಿಂದ ಇನ್ನೊಂದಕ್ಕೆ ಬೆಳಕನ್ನು ಪೋಲಾಗದಂತೆ ದಾಟಿಸುವುದು ಮಾತ್ರ ಕಟ್ಟುವವರ ಕೈಯಲ್ಲಿದೆ, ಮತ್ತು ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಅಲ್ಲೇ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೈಯೊಳಗೆ ಆ ಔಷಧಿಯಿಂದ ಹೊರಟ ಪಾಸಿಟ್ರಾನ್ (ಎಲೆಕ್ಟ್ರಾನಿನಂಥದೇ, ಆದರೆ ಧನ ವಿದ್ಯುದಂಶದ ಕಣ) ಒಂದು ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಇಲ್ಲವಾದಾಗ, ತಲಾ 511 ಕೆಇವಿ (ಶಕ್ತಿಯ ಅಳತೆ) ಇರುವ ಎರಡು ಗಾಮಾ ಫೋಟಾನ್‌ಗಳು ಹೆಚ್ಚುಕಡಿಮೆ ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಅವು ಬಂದು ತಲುಪುವ ಹೊತ್ತಿನಲ್ಲಿ 1 ನ್ಯಾನೋಸೆಕೆಂಡ್ ವ್ಯತ್ಯಾಸವಿದ್ದರೆ, ಹುಟ್ಟಿದ ಜಾಗ ನಡುವಿನಿಂದ 15 ಸೆಂ.ಮೀ. ಆಚೆ ಇದೆ ಅಂತ ಅರ್ಥ. ಸಮಯವನ್ನು 200 ಪಿಕೋಸೆಕೆಂಡ್ (ನ್ಯಾನೋಸೆಕೆಂಡಿನ ಐದನೇ ಒಂದು ಪಾಲು) ಮಟ್ಟಕ್ಕೆ ಅಳೆಯಲು ಆದರೆ ಆ ಜಾಗ ಸುಮಾರು 3 ಸೆಂ.ಮೀ. ಒಳಗೆ ಸಿಗುತ್ತದೆ. ಇದು ಸುಮ್ನೆ ಅಂಕಿಗಳ ಲೆಕ್ಕ ಅಲ್ಲ. ಕಡಿಮೆ ಡೋಸ್‌ನಲ್ಲೋ ಕಡಿಮೆ ಹೊತ್ತಿನಲ್ಲೋ ಅಷ್ಟೇ ಒಳ್ಳೆಯ ಚಿತ್ರ ತೆಗೆಯಬಹುದು. ಮಲಗಿರುವುದು ಮಗುವಾದರೆ ಅದು ಎಷ್ಟು ದೊಡ್ಡ ಉಪಕಾರ ಅಲ್ವಾ.

ಕ್ರಿಸ್ಟಲ್ ಆಯ್ಕೆಗೆ ಹೆಚ್ಚು ಯೋಚಿಸಲಿಲ್ಲ. ಬಿಜಿಓ ಅನ್ನುವ ಕ್ರಿಸ್ಟಲ್ ಗಾಮಾವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದರ ಬೆಳಕು ಇಳಿಯುವ ಕಾಲ 300 ನ್ಯಾನೋಸೆಕೆಂಡ್. ಎಲ್‌ವೈಎಸ್‌ಓ ಅನ್ನುವ ಇನ್ನೊಂದಕ್ಕೆ ಸುಮಾರು 40 ಸಾಕು, ಬೆಳಕೂ ಜಾಸ್ತಿ. ಅದರೊಳಗಿನ ಲುಟೇಶಿಯಂ-176 ತಾನೇ ವಿಕಿರಣ ಸೂಸುತ್ತದೆ ಅಂತ ಕೆಲವರು ದೂರುತ್ತಾರೆ, ನನಗಂತೂ ಅದರಿಂದ ಅನುಕೂಲವೇ ಆಯಿತು: ಹೊರಗಿನ ವಿಕಿರಣದ ಸೋರ್ಸ್ ತರದೆಯೇ ಬೋರ್ಡ್ ಬದುಕಿದೆಯೋ ಇಲ್ಲವೋ ನೋಡಬಹುದಿತ್ತು.

ಕಷ್ಟದ ಭಾಗ ಅಂಟಿಸುವುದು. ಕ್ರಿಸ್ಟಲ್ ಕಡ್ಡಿಗಳು 3 ಮಿ.ಮೀ. ಅಗಲ, 20 ಮಿ.ಮೀ. ಉದ್ದ. ಮೇಲ್ಗಡೆ ಹುಟ್ಟಿದ ಬೆಳಕು ಕೆಳಗಿನ ಸೆನ್ಸರ್ ಮುಟ್ಟುವಷ್ಟರಲ್ಲಿ ಗೋಡೆಗೆ ಎಷ್ಟೋ ಸಲ ಬಡಿದಿರುತ್ತದೆ. ಎಲ್‌ವೈಎಸ್‌ಓದ ವಕ್ರೀಭವನಾಂಕ 1.82, ಹಾಗಾಗಿ ಗಾಳಿ ಎದುರಾದರೆ ಬೆಳಕಿನ ಹೆಚ್ಚಿನ ಪಾಲು ಒಳಗೇ ತಿರುಗುತ್ತದೆ. ಪಕ್ಕದ ಗೋಡೆಗಳಲ್ಲಿ ಇದೇ ನಮಗೆ ಬೇಕಾದದ್ದು. ಅದಕ್ಕೇ ಅಲ್ಲಿ ಪ್ರತಿಫಲಕ ಹಾಳೆಯನ್ನು ಅಂಟಿಸದೆ, ತೆಳು ಗಾಳಿ ಬಿಟ್ಟು ಸುತ್ತಿದೆ. ಅಡಿಯಲ್ಲಿ ಮಾತ್ರ ಗಾಳಿ ಕೂಡದು. ಅಲ್ಲಿ ಸಿಲಿಕೋನ್ ಗ್ರೀಸ್ ಹಚ್ಚಿ, ಒಂದು ಅಂಚಿನಿಂದ ನಿಧಾನವಾಗಿ ಇಳಿಸಿ ಕೂರಿಸಬೇಕು. ಒಂದು ಗುಳ್ಳೆ ಉಳಿದರೂ ಆ ಕಡ್ಡಿಯ 511ರ ಪೀಕ್ (ಸ್ಪೆಕ್ಟ್ರಮ್ ಅನ್ನುವ ಶಕ್ತಿಯ ನಕ್ಷೆಯಲ್ಲಿ 511 ಕೆಇವಿ ಗಾಮಾಗಳ ಶಿಖರ) ಕೆಳಗೆ ಜಾರುತ್ತದೆ, ಸ್ಪೆಕ್ಟ್ರಮ್ ನೋಡಿದ ತಕ್ಷಣ ಯಾವ ಮೂಲೆಯಲ್ಲಿ ಅಂತ ಗೊತ್ತಾಗುತ್ತದೆ.

ಆಮೇಲೆ ಶಾಖ. ನಮ್ಮ ಸೆನ್ಸರ್ ಆದ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಬೆಚ್ಚಗಾದರೆ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಇಳಿಯುತ್ತದೆ, ಬೆಳಕೇ ಇಲ್ಲದೆ ಬರುವ ಸುಳ್ಳು ಸಿಗ್ನಲ್ ಏರುತ್ತದೆ. ಪಕ್ಕದಲ್ಲೇ ಸಿಗ್ನಲ್ ಓದುವ ರೀಡ್‌ಔಟ್ ಚಿಪ್ ಕುದಿಯುತ್ತಿರುತ್ತದೆ. ಎರಡರ ನಡುವೆ ಅಲ್ಯೂಮಿನಿಯಂ ತಟ್ಟೆ ಇಟ್ಟೆ, ಸೆನ್ಸರ್ ಬೆನ್ನಿಗೆ ತಾಪಮಾಪಕ ಅಂಟಿಸಿ ಅದರ ಪ್ರಕಾರ ವೋಲ್ಟೇಜ್ ತಿದ್ದುವಂತೆ ಮಾಡಿದೆ. ಪೀಕ್ ಆಗ ನಿಂತಲ್ಲಿ ನಿಂತಿತು.

ಪಾಸಿಟ್ರಾನ್ ಸೂಸುವ ಸೋಡಿಯಂ-22 ಸೋರ್ಸ್ ಇಟ್ಟು ಪ್ರತಿ ಕಡ್ಡಿಯ ಪೀಕನ್ನೂ ಸಮಯದ ಅಂತರವನ್ನೂ ಬೇರೆ ಬೇರೆಯಾಗಿ ಹೊಂದಿಸುವುದು ಬೇಸರದ ಕೆಲಸ, ಬಿಡುವಂತಿಲ್ಲ. ಬೋರ್ಡ್ ಮೇಲಿನ ತಂತಿಯ ಉದ್ದ ಒಂದೆರಡು ಸೆಂ.ಮೀ. ಹೆಚ್ಚಾದರೂ ನೂರು ಪಿಕೋಸೆಕೆಂಡ್ ಆಚೀಚೆ ಆಗುತ್ತದೆ.

ಈಗ ಕಡ್ಡಿಯ ಎರಡೂ ತುದಿಗೆ ಸೆನ್ಸರ್ ಇಡುತ್ತಿದ್ದೇನೆ. ಉಂಗುರದ ಅಂಚಿನ ಕಡೆಯಿಂದ ಓರೆಯಾಗಿ ಬಂದ ಗಾಮಾ ಎಷ್ಟು ಆಳದಲ್ಲಿ ನಿಂತಿತು ಅಂತ ಗೊತ್ತಾದರೆ ಅಲ್ಲಿನ ಮಸುಕು ಕಡಿಮೆಯಾಗುತ್ತದೆ. ಆದರೆ ಚಾನೆಲ್‌ಗಳು ಎರಡು ಪಟ್ಟು, ಶಾಖವೂ ಹೆಚ್ಚು, ಹಾಗಾಗಿ ತಟ್ಟೆಯ ವಿನ್ಯಾಸ ಮತ್ತೆ ಮೊದಲಿಂದ ಶುರು ಮಾಡಿದ್ದೇನೆ.