ಹೊಸ ಕಂಪ್ಯೂಟರ್ ಬಂತು, ಹಳೆಯದನ್ನು ಈಗಲೇ ಕೊಡಬೇಡಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಿಂದ ಹೊಸ ಕಂಪ್ಯೂಟರ್ ತರುವವರು ಅದೇ ದಿನ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡುತ್ತಾರೆ. ಆಮೇಲೆ ಒಂದೊಂದೇ ನೆನಪಾಗುತ್ತದೆ: ಮಗಳ ಮದುವೆ ಫೋಟೊ, ಸೊಸೈಟಿ ಲೆಕ್ಕ, ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ವಂಶಾವಳಿ. ಕನಿಷ್ಠ ಒಂದು ತಿಂಗಳು ಎರಡೂ ಮನೆಯಲ್ಲಿರಲಿ.

ಮೊದಲ ಹೆಜ್ಜೆ ಸುಲಭ. ವೈರ್ ಜೋಡಿಸಿ, ವೈಫೈ ಕೊಡಿ, ತೆರೆಯ ಮೇಲೆ ಕೇಳಿದ್ದಕ್ಕೆ ಉತ್ತರಿಸಿ, ಅಪ್‌ಡೇಟ್ ಮುಗಿಯಲು ಬಿಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಅಪ್‌ಡೇಟ್ ಶುರು ಮಾಡಬೇಡಿ, ನಡುವೆ ಕರೆಂಟ್ ಹೋದರೆ ವಿಂಡೋಸ್ ಕೆಡಬಹುದು. ವಿಂಡೋಸ್ 11 ಎಷ್ಟೋ ಸಲ ತಾನಾಗಿಯೇ ಡಿಸ್ಕ್‌ಗೆ ಬೀಗ ಹಾಕುತ್ತದೆ. ಅದನ್ನು ತೆರೆಯುವ 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಎರಡನೆಯದು ಫೈಲ್‌ಗಳು. ಡಿ ಡ್ರೈವ್ ಒಂದನ್ನೇ ಕಾಪಿ ಮಾಡಿ ಸುಮ್ಮನಾಗುವವರೇ ಜಾಸ್ತಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಎಲ್ಲ ಇರುವುದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ. ಅದರೊಳಗೆ ನಿಮ್ಮ ಹೆಸರಿನ ಫೋಲ್ಡರನ್ನು ಇಡಿಯಾಗಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ. ತೀರಾ ಅಗ್ಗಕ್ಕೆ ಸಿಗುವ ಒಂದು ಟಿಬಿ ಪೆನ್‌ಡ್ರೈವ್ ಮುಟ್ಟಲೇಬೇಡಿ. ಅಂಥವು ಇಲ್ಲದ ಜಾಗವನ್ನು ಇದೆ ಎಂದು ತೋರಿಸುತ್ತವೆ. ಕಾಪಿ ಆದಂತೆ ಕಾಣುತ್ತದೆ, ಫೈಲ್ ಮಾತ್ರ ತೆರೆಯುವುದಿಲ್ಲ.

ಇನ್ನು ಜನ ನಿಜವಾಗಿ ಎಡವುವ ಜಾಗ: ಹಳೆಯ ಕನ್ನಡ ಫೈಲ್‌ಗಳು. ಯೂನಿಕೋಡ್ ಎಂದರೆ ಯಾವ ಕಂಪ್ಯೂಟರ್‌ನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ ಪದ್ಧತಿ. ಅದಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿಯೇ ಉಳಿದಿರುತ್ತದೆ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ತಲೆ ಮೇಲೆ ಚುಕ್ಕೆ, ಗೀಟು ಇರುವ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ವೈರಸ್ ಬಂತೆಂದು ಡಿಲೀಟ್ ಮಾಡಿದವರಿದ್ದಾರೆ. ಫೈಲ್‌ಗೆ ಏನೂ ಆಗಿರುವುದಿಲ್ಲ.

ಆಗ ಇಡೀ ಪುಟ ಸೆಲೆಕ್ಟ್ ಮಾಡಿ ಬೇರೆ ಫಾಂಟ್ ಕೊಟ್ಟು ಸೇವ್ ಮಾಡಬೇಡಿ. ಕನ್ನಡ, ಇಂಗ್ಲಿಷ್ ಬೆರೆತ ಪುಟದಲ್ಲಿ ಯಾವುದು ಕನ್ನಡ ಎಂದು ಹೇಳುವ ಗುರುತು ಫಾಂಟ್ ಒಂದೇ. ಅದನ್ನು ಅಳಿಸಿದರೆ ಸಾಲು ಸಾಲು ಕೂತು ಬಿಡಿಸಬೇಕಾಗುತ್ತದೆ. ಬದಲಿಗೆ ಹಳೆ ಕಂಪ್ಯೂಟರ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್‌ಗೆ ಹೋಗಿ. ನುಡಿ, ಬರಹದ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿ ತಂದು, ಹೊಸದರಲ್ಲಿ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ಪುಟ ಮತ್ತೆ ಕನ್ನಡವಾಗುತ್ತದೆ.

ಆಮೇಲೆ ನಿಧಾನಕ್ಕೆ ಯೂನಿಕೋಡ್‌ಗೆ ಬದಲಿಸಿ. ಮೂಲ ಫೈಲ್ ಹಾಗೇ ಇರಲಿ, ಪರಿವರ್ತನೆ ನಕಲಿನ ಮೇಲೆ ನಡೆಯಲಿ. ಒತ್ತಕ್ಷರ, ಅರ್ಕಾವತ್ತು, ನಡುವೆ ಬರುವ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ನೋಡಿ, ಅಲ್ಲೇ ತಪ್ಪಾಗುವುದು. ಗದಗದಲ್ಲೋ ಹುಬ್ಬಳ್ಳಿಯಲ್ಲೋ ಪುಸ್ತಕ ಅಚ್ಚು ಹಾಕಿಸುವವರಿಗೆ ಹಳೆಯ ಫೈಲೂ ಬೇಕು. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ, ಅದನ್ನೇ ಬಳಸುವ ಪ್ರೆಸ್‌ನವರು ನುಡಿ ಫೈಲನ್ನೇ ಕೇಳುತ್ತಾರೆ. ಹೊಸದಾಗಿ ಟೈಪ್ ಮಾಡುವುದನ್ನು ಮಾತ್ರ ಇಂದಿನಿಂದ ಯೂನಿಕೋಡ್‌ನಲ್ಲೇ ಮಾಡಿ.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯಾಗಲಿ, ಧಾರವಾಡದ ಅಂಗಡಿಯವರಾಗಲಿ, ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಇದ್ದವರು ಡೇಟಾ ಬ್ಯಾಕಪ್ ತೆಗೆದು, ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ, ನಂತರ ಹೊಸದರಲ್ಲಿ ಹಾಕಿ. ಡಿಜಿಟಲ್ ಸಹಿಯ ಟೋಕನ್‌ಗೆ ಡ್ರೈವರ್ ಬೇರೆ ಬೇಕು. ತೆರಿಗೆ ರಿಟರ್ನ್ ತುಂಬುವ ಕೊನೆ ದಿನಕ್ಕೆ ಮೊದಲೇ ಹಾಕಿ ನೋಡಿ.

ಒಂದು ತಿಂಗಳಲ್ಲಿ ಏನೂ ಕೊರತೆ ಕಾಣದಿದ್ದರೆ ಹಳೆಯದನ್ನು ಕೊಡಬಹುದು. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲ್‌ಗಳನ್ನು ಮರಳಿ ತೆಗೆಯಲು ಬರುತ್ತದೆ. ಅದಕ್ಕೆ ಡಿಸ್ಕ್ ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ, ಅಂಗಡಿಯವರು ನೂರಿನ್ನೂರು ಕಡಿಮೆ ಕೊಟ್ಟರೂ ಸರಿ.