ಹೆಂಗಸರಿಗೆ ಅಂತಾನೇ ಮಾಡಿದ ಹಳೇ ಸಿಗರೇಟ್ ಜಾಹೀರಾತನ್ನ ಓದೋದು ಹೇಗೆ

ಹಳೇ ಅಮೆರಿಕನ್ ಮ್ಯಾಗಜೀನ್‌ಗಳ ಸಿಗರೇಟ್ ಜಾಹೀರಾತುಗಳು ಈಗ ನೆಟ್‌ನಲ್ಲಿ ರಾಶಿ ರಾಶಿ ಸಿಗ್ತವೆ, ಒಳ್ಳೇ ಬಣ್ಣ, ಒಳ್ಳೇ ಬಟ್ಟೆ, ನಗ್ತಿರೋ ಹುಡುಗಿ, ಜನ ವಿಂಟೇಜ್ ಅಂತ ಸೇವ್ ಮಾಡ್ಕೊಳ್ತಾರೆ, ಶೇರ್ ಮಾಡ್ತಾರೆ. ನೀವು ಕಾಲೇಜ್ ಪ್ರಾಜೆಕ್ಟ್‌ಗೋ ಕ್ಲಾಸಲ್ಲಿ ಪಾಠ ಮಾಡೋಕೋ ಅಥವಾ ಸುಮ್ನೆ ಕುತೂಹಲಕ್ಕೋ ಇವನ್ನ ನೋಡ್ತಿದ್ರೆ, ಚಂದ ಇದೆ ಅನ್ನೋದರ ಆಚೆಗೆ ಏನು ನೋಡ್ಬೇಕು ಅಂತ ಇಲ್ಲಿ ಬರೀತಿದೀನಿ. ನಾನು ಹೇಳೋದು ಮುಖ್ಯವಾಗಿ ಒಂದೇ: ಆ ಕಾಲದ ಹೆಂಗಸರು ಏನಕ್ಕೆ ಹೋರಾಡ್ತಿದ್ರು, ಯಾವುದಕ್ಕೆ ಹೆದರ್ತಿದ್ರು ಅನ್ನೋದನ್ನ ಕಂಪನಿಗಳು ಬಹಳ ಹುಷಾರಾಗಿ ಗಮನಿಸಿ, ಅದನ್ನೇ ಸಿಗರೇಟಿಗೆ ಸುತ್ತಿ ವಾಪಸ್ ಅವ್ರಿಗೇ ಮಾರಿದ್ವು. ಆ ಹೋರಾಟ ನಿಜ, ಆ ಭಯ ನಿಜ, ಅದಕ್ಕೇ ಜಾಹೀರಾತು ಕೆಲ್ಸ ಮಾಡ್ತು.

ಮೊದಲು ವರ್ಷ ಗೊತ್ತು ಮಾಡ್ಕೊಳ್ಳಿ. ಚಿತ್ರದ ಕೆಳಗೆ ವರ್ಷ ಇಲ್ದಿದ್ರೂ ಪರವಾಗಿಲ್ಲ, ಅಂದಾಜು ಮಾಡೋ ದಾರಿ ಇದೆ. ಅಮೆರಿಕದಲ್ಲಿ ಸಿಗರೇಟ್ ಪ್ಯಾಕ್ ಮೇಲೆ ಎಚ್ಚರಿಕೆ ಬಂದದ್ದು 1966ರಲ್ಲಿ, ಆದ್ರೆ ಪತ್ರಿಕೆಯ ಜಾಹೀರಾತಿನೊಳಗೆ ಎಚ್ಚರಿಕೆಯ ಚೌಕ ಬಂದದ್ದು 1972ರಿಂದ. ಹಾಗಾಗಿ ಮೂಲೇಲಿ ಚೌಕ ಇಲ್ಲ ಅಂದ್ರೆ ಸಾಮಾನ್ಯವಾಗಿ ಅದು 1972ಕ್ಕಿಂತ ಮುಂಚಿನದು, ಚೌಕದಲ್ಲಿ ಸಿಗರೇಟ್ ಆರೋಗ್ಯಕ್ಕೆ ಅಪಾಯ ಅಂತ ಒಂದೇ ಸಾಮಾನ್ಯ ವಾಕ್ಯ ಇದ್ರೆ 72ರಿಂದ 85ರ ಮಧ್ಯೆ, ಗರ್ಭಿಣಿಯರಿಗೆ, ಹುಟ್ಟೋ ಮಗುವಿಗೆ ತೊಂದ್ರೆ ಅಂತ ನೇರವಾಗಿ ಹೇಳಿದ್ರೆ 1985ರ ಕೊನೆಯಿಂದ ಈಚೆಗೆ, ಯಾಕಂದ್ರೆ ಆಗಿಂದ ನಾಲ್ಕು ಬೇರೆ ಬೇರೆ ಎಚ್ಚರಿಕೆಗಳನ್ನ ಸರದಿ ಮೇಲೆ ಹಾಕ್ಬೇಕು ಅಂತ ಕಾನೂನು ಬಂತು. ಚಿತ್ರವನ್ನ ಯಾರಾದ್ರೂ ಕ್ರಾಪ್ ಮಾಡಿರ್ಬಹುದು, ಅಂಚು ಪೂರ್ತಿ ಇದ್ಯಾ ಅಂತ ಒಮ್ಮೆ ನೋಡ್ಕೊಳ್ಳಿ.

ಆಮೇಲೆ ಸಿಗರೇಟ್ ಯಾರ ಕೈಲಿದೆ ಅಂತ ನೋಡಿ. ಸಣ್ಣ ವಿಷ್ಯ ಅನ್ಸತ್ತೆ, ಆದ್ರೆ 1920ರ ದಶಕದ ಜಾಹೀರಾತುಗಳಲ್ಲಿ ಇಡೀ ಕಥೆ ಇಲ್ಲೇ ಇದೆ. 1908ರಲ್ಲಿ ನ್ಯೂಯಾರ್ಕ್ ನಗರ ಹೆಂಗಸರು ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ ನಿಯಮ ತಂದಿತ್ತು, ಮೇಯರ್ ಅದನ್ನ ತಡೆದ್ರು ಅನ್ನೋದು ಬೇರೆ ಮಾತು, ಆದ್ರೆ ಮರ್ಯಾದಸ್ಥ ಹೆಂಗಸು ಬೀದೀಲಿ ಸೇದಲ್ಲ ಅನ್ನೋ ಭಾವನೆ ಗಟ್ಟಿಯಾಗೇ ಇತ್ತು. ಅದಕ್ಕೇ 1926ರ ಚೆಸ್ಟರ್‌ಫೀಲ್ಡ್ ಜಾಹೀರಾತಲ್ಲಿ ಸಿಗರೇಟ್ ಇರೋದು ಗಂಡಸಿನ ಹತ್ರ, ಪಕ್ಕದಲ್ಲಿ ಕೂತ ಹುಡುಗಿ ಸ್ವಲ್ಪ ಹೊಗೆ ನನ್ನ ಕಡೆಗೂ ಬಿಡು ಅಂತಾಳೆ, ಅಷ್ಟೇ. ಅವಳು ಮುಟ್ಟೂ ಇಲ್ಲ. ಕೆಲವೇ ವರ್ಷದಲ್ಲಿ ಸಿಗರೇಟ್ ಅವಳ ಕೈಗೆ ಬಂದು, ತುಟಿಗೂ ಬಂತು. ನಿಮ್ಮ ಹತ್ರ ಆ ದಶಕದ ನಾಲ್ಕೈದು ಜಾಹೀರಾತು ಇದ್ರೆ ವರ್ಷದ ಪ್ರಕಾರ ಜೋಡಿಸಿ ಕೈಗಳನ್ನ ಮಾತ್ರ ನೋಡ್ಕೊಂಡು ಹೋಗಿ, ಕಂಪನಿಗಳು ಎಷ್ಟು ಅಳೆದು ತೂಗಿ ಹೆಜ್ಜೆ ಇಟ್ವು ಅನ್ನೋದು ಕಾಣತ್ತೆ.

ಮೂರನೇದು, ಇದು ಯಾವ ಭಯವನ್ನ ಮುಟ್ತಿದೆ ಅಂತ ಕೇಳ್ಕೊಳ್ಳಿ. ಹೆಚ್ಚಿನ ಸಲ ಉತ್ತರ ಒಂದೇ, ದಪ್ಪ ಆಗೋ ಭಯ. ಅಮೆರಿಕನ್ ಟೊಬ್ಯಾಕೊ ಕಂಪನಿ 1928ರಲ್ಲಿ ಲಕ್ಕಿ ಸ್ಟ್ರೈಕ್‌ಗೆ ಮಾಡಿದ ಪ್ರಚಾರದ ತಿರುಳು, ಸಿಹಿ ತಿನ್ನೋ ಬದಲು ಒಂದು ಲಕ್ಕಿ ತಗೊಳ್ಳಿ ಅಂತ. ಮಿಠಾಯಿ ಉದ್ಯಮದೋರು ರೊಚ್ಚಿಗೆದ್ರು, ಸ್ವಲ್ಪ ಕಾಲದಲ್ಲೇ 'ಸಿಹಿ' ಅನ್ನೋ ಪದ ಬಿಟ್ಟು ವಾಕ್ಯ ಗಿಡ್ಡ ಆಯ್ತು. ಅದಾದ ಮೇಲಿನವು ಇನ್ನೂ ಕ್ರೂರ, ತೆಳ್ಳಗಿನ ಹುಡುಗಿ ಹಿಂದೆ ಅವಳದ್ದೇ ಕಪ್ಪು ನೆರಳು, ಆದ್ರೆ ನೆರಳಿಗೆ ಗಲ್ಲದ ಕೆಳಗೆ ಜೋತು ಬಿದ್ದ ಮಾಂಸ, ಮುಂದೆ ನೀನು ಹೀಗಾಗ್ತೀಯ ಅಂತ ಬೆದರಿಕೆ. ಇದನ್ನ ನೋಡಿದ್ಮೇಲೆ ಬ್ರ್ಯಾಂಡ್ ಹೆಸರುಗಳನ್ನ ಮತ್ತೆ ಓದಿ: ವರ್ಜೀನಿಯಾ ಸ್ಲಿಮ್ಸ್, ಸಿಲ್ವಾ ಥಿನ್ಸ್, ಸೂಪರ್‌ಸ್ಲಿಮ್ಸ್. 1928ರಲ್ಲಿ ಬಾಯಿಬಿಟ್ಟು ಹೇಳಿದ್ದು ಆಮೇಲೆ ಹೆಸರೊಳಗೆ ಸೇರ್ಕೊಳ್ತು. ಹೆಸರಿಗೆ ಯಾರೂ ಪುರಾವೆ ಕೇಳಲ್ಲ ನೋಡಿ.

ನಾಲ್ಕನೇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಜಾಹೀರಾತು ಅಂತ ಕಾಣ್ದೇ ಇರೋದನ್ನೂ ಹುಡುಕಿ. 1929ರ ಮಾರ್ಚ್ 31, ಈಸ್ಟರ್ ಭಾನುವಾರ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಕೆಲವು ಯುವತಿಯರು ಎಲ್ಲರ ಎದುರಿಗೇ ಸಿಗರೇಟ್ ಹಚ್ಚಿದ್ರು, ಇವು ಸ್ವಾತಂತ್ರ್ಯದ ಪಂಜುಗಳು ಅಂತ ಸುದ್ದಿಯಾಯ್ತು, ಪತ್ರಿಕೆಗಳು ಫೋಟೋ ಹಾಕಿದ್ವು. ಇದನ್ನ ಏರ್ಪಾಡು ಮಾಡಿದ್ದು ಎಡ್ವರ್ಡ್ ಬರ್ನೇಸ್ ಅನ್ನೋ ಪ್ರಚಾರ ತಜ್ಞ, ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್‌ಗೆ ಸೋದರಳಿಯ, ದುಡ್ಡು ಕೊಟ್ಟಿದ್ದು ಅಮೆರಿಕನ್ ಟೊಬ್ಯಾಕೊ. ಓದೋರಿಗೆ ಅದು ಗೊತ್ತಿರ್ಲಿಲ್ಲ. ಅಮೆರಿಕದ ಹೆಂಗಸರಿಗೆ ಸಂವಿಧಾನದ ತಿದ್ದುಪಡಿಯಿಂದ ವೋಟು ಸಿಕ್ಕಿ ಆಗ ಇನ್ನೂ ಒಂಬತ್ತು ವರ್ಷ, ಆ ಹೋರಾಟದ ಮೆರವಣಿಗೆ ಜನರ ನೆನಪಲ್ಲಿತ್ತು, ಅದನ್ನೇ ಎತ್ಕೊಂಡ್ರು. ಇಲ್ಲಿ ಒಂದು ಎಚ್ಚರ: ಆ ಒಂದು ಮೆರವಣಿಗೆಯಿಂದಲೇ ಹೆಂಗಸರು ಸೇದೋಕೆ ಶುರು ಮಾಡಿದ್ರು ಅಂತ ಬರೀಬೇಡಿ, ಎಲ್ಲಾ ಕಡೆ ಹಾಗೇ ಬರೆದಿರ್ತಾರೆ. ಅದಕ್ಕೂ ಮುಂಚೆ ಎಷ್ಟೋ ಹೆಂಗಸರು ಸೇದ್ತಿದ್ರು, ಮತ್ತೆ ಈ ಕಥೆಯನ್ನ ದೊಡ್ಡದು ಮಾಡಿ ಹೇಳಿದವರಲ್ಲಿ ಬರ್ನೇಸ್ ಅವರೇ ಮೊದಲಿಗರು. ಅದೇ ಬರ್ನೇಸ್ 1934ರಲ್ಲಿ, ಲಕ್ಕಿಯ ಹಸಿರು ಪ್ಯಾಕ್ ಬಟ್ಟೆಗೆ ಹೊಂದಲ್ಲ ಅಂತ ಹೆಂಗಸರು ದೂರ ಇಡ್ತಿದಾರೆ ಅಂತ ಕಂಪನಿ ಹೇಳಿದಾಗ, ಪ್ಯಾಕ್ ಬಿಟ್ಟು ಹಸಿರು ಬಣ್ಣವನ್ನೇ ಫ್ಯಾಶನ್ ಮಾಡೋಕೆ ಹೊರಟ್ರು, ವಾಲ್ಡೋರ್ಫ್ ಅಸ್ಟೋರಿಯಾ ಹೋಟೆಲಲ್ಲಿ ಹಸಿರು ಬಣ್ಣದ ಔತಣಕೂಟ ಸಹ ನಡೀತು. ಆ ವರ್ಷದ ಫ್ಯಾಶನ್ ಪುಟದಲ್ಲಿ ಹಸಿರು ಗೌನ್ ಕಂಡ್ರೆ ಅದೂ ಸಿಗರೇಟಿನ ಪ್ರಚಾರದ ಭಾಗ ಇರ್ಬಹುದು, ಒಂದು ಬ್ರ್ಯಾಂಡ್ ಹೆಸರೂ ಇಲ್ದೆ.

ಟೆನಿಸ್ ಕಥೆ ಇನ್ನೂ ಕಷ್ಟದ್ದು, ನಿಧಾನಕ್ಕೆ ಓದಿ. 1970ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು, ಗಂಡಸರಿಗೆ ಸಿಗೋ ಬಹುಮಾನದ ಹಣದಲ್ಲಿ ಚೂರು ಪಾರು ತಮಗೆ ಕೊಡ್ತಾರೆ ಅಂತ ಸಿಡಿದೆದ್ದು, ಟೆನಿಸ್ ಪತ್ರಿಕೆಯೊಂದರ ಪ್ರಕಾಶಕಿ ಗ್ಲಾಡಿಸ್ ಹೆಲ್ಡ್‌ಮನ್ ಜೊತೆ ಒಂದು ಡಾಲರ್ ಕಾಂಟ್ರಾಕ್ಟ್‌ಗೆ ಸಹಿ ಹಾಕಿ ತಮ್ಮದೇ ಟೂರ್ನಿ ಆಡಿದ್ರು. ಅವರ ಸಿಟ್ಟು ನೂರಕ್ಕೆ ನೂರು ನ್ಯಾಯ. ಹಣ ಹಾಕೋಕೆ ಮುಂದೆ ಬಂದದ್ದು ಫಿಲಿಪ್ ಮಾರಿಸ್, ವರ್ಜೀನಿಯಾ ಸ್ಲಿಮ್ಸ್ ಹೆಸರಲ್ಲಿ. ಕೆಲವೇ ತಿಂಗಳಲ್ಲಿ, 1971ರ ಜನವರಿ 2ರಿಂದ, ಅಮೆರಿಕದ ಟಿವಿ ರೇಡಿಯೋದಲ್ಲಿ ಸಿಗರೇಟ್ ಜಾಹೀರಾತು ಬಂದ್ ಆಯ್ತು. ಹಿಂದಿನ ರಾತ್ರಿ ಕೊನೇದಾಗಿ ಬಂದದ್ದೂ ವರ್ಜೀನಿಯಾ ಸ್ಲಿಮ್ಸ್ ಜಾಹೀರಾತೇ. ಆದ್ರೆ ಟೂರ್ನಿಗೆ ಅದೇ ಹೆಸರು ಇದ್ಯಲ್ಲ, ಸ್ಪೋರ್ಟ್ಸ್ ಸುದ್ದೀಲಿ ಹೇಳ್ಲೇಬೇಕಲ್ಲ! ಮಧ್ಯೆ ಕೆಲವು ವರ್ಷ ಬಿಟ್ರೆ 1990ರ ದಶಕದವರೆಗೂ ಆ ನಂಟು ನಡೀತು. ಆಟಗಾರ್ತಿಯರನ್ನ ಬೈಯೋಕೆ ಹೋಗ್ಬೇಡಿ, ಬೇರೆ ಯಾರೂ ಹಣ ಕೊಡದೇ ಇದ್ದ ಜಾಗಕ್ಕೆ ಸಿಗರೇಟ್ ಕಂಪನಿ ಯಾಕೆ ಅಷ್ಟು ಬೇಗ ಬಂತು ಅಂತ ಕೇಳಿ.

ವರ್ಜೀನಿಯಾ ಸ್ಲಿಮ್ಸ್ ಮುದ್ರಣ ಜಾಹೀರಾತು ಸಿಕ್ರೆ ಅದನ್ನ ಎರಡು ಭಾಗ ಮಾಡ್ಕೊಂಡು ಓದಿ. 1968ರಲ್ಲಿ ಶುರುವಾದ ಈ ಸರಣೀಲಿ ಹಳೇ ಕಂದು ಬಣ್ಣದ ಫೋಟೋ ಇರತ್ತೆ, ಕದ್ದು ಸೇದಿ ಗಂಡನ ಕೈಗೆ ಸಿಕ್ಕಿಬಿದ್ದ ಹೆಂಗಸು, ಬಗ್ಗಿ ಮನೆಕೆಲಸ ಮಾಡೋ ಹೆಂಗಸು ಹೀಗೆ, ಪಕ್ಕದಲ್ಲಿ ಬಣ್ಣದಲ್ಲಿ ನಿಂತ ಇವತ್ತಿನ ಹುಡುಗಿ, ಜೊತೆಗೆ ನೀನು ಬಹಳ ದೂರ ಬಂದಿದೀಯ ಅನ್ನೋ ಸಾಲು, ಕೊನೇಲಿ 'ಬೇಬಿ' ಅಂತ. ಹಳೇ ಫೋಟೋದಲ್ಲಿರೋ ಅನ್ಯಾಯಗಳ ಪಟ್ಟಿ ಮಾಡಿ, ಬಣ್ಣದ ಫೋಟೋದಲ್ಲಿ ಅವುಗಳಲ್ಲಿ ಎಷ್ಟಕ್ಕೆ ಪರಿಹಾರ ಸಿಕ್ಕಿದೆ ಅಂತ ಎಣಿಸಿ. ಸಂಬಳ ಇಲ್ಲ, ಓದು ಇಲ್ಲ, ಅಧಿಕಾರ ಇಲ್ಲ, ಸಿಕ್ಕಿರೋದು ಗಂಡಸರದ್ದಕ್ಕಿಂತ ತೆಳ್ಳಗಿರೋ ಒಂದು ಸಿಗರೇಟ್ ಮಾತ್ರ. 1994ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ, ಹದಿನೆಂಟು ತುಂಬದ ಹುಡುಗೀರು ಸೇದೋಕೆ ಶುರು ಮಾಡೋದು 1967ರ ಸುಮಾರಿಗೆ ಏರೋಕೆ ಹಿಡಿದು 1973ರ ಹೊತ್ತಿಗೆ ತುದಿ ಮುಟ್ತು, ಹೆಂಗಸರ ಬ್ರ್ಯಾಂಡ್‌ಗಳ ಪ್ರಚಾರ ಜೋರಾದದ್ದೂ ಅದೇ ವರ್ಷಗಳಲ್ಲಿ ಅಂತ ತೋರಿಸ್ತು. ಓದಿದಾಗ ಹೊಟ್ಟೆ ಉರಿಯತ್ತೆ. 1987ರಲ್ಲಿ ಅಮೆರಿಕದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಸ್ತನ ಕ್ಯಾನ್ಸರ್ ಸಾವನ್ನ ದಾಟ್ತು.

ಪ್ಯಾಕ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಜಾಹೀರಾತಿಗೆ ಕೌಬಾಯ್ ಬರೋ ಮುಂಚೆ, 1920ರ ದಶಕದಲ್ಲಿ ಮಾರ್ಲ್‌ಬರೋ ಹೆಂಗಸರ ಸಿಗರೇಟ್ ಆಗಿತ್ತು, ಆಮೇಲೆ ಲಿಪ್‌ಸ್ಟಿಕ್ ಕಲೆ ಕಾಣದಿರ್ಲಿ ಅಂತ ಕೆಂಪು ತುದಿ ಇಟ್ಟದ್ದೂ ಬಂತು, 1950ರ ದಶಕದಲ್ಲಿ ಅದನ್ನ ಪೂರ್ತಿ ಗಂಡಸರ ಬ್ರ್ಯಾಂಡ್ ಮಾಡಿದ್ರು. 1971ರ ಈವ್ ಅನ್ನೋ ಬ್ರ್ಯಾಂಡ್‌ನ ಮೇಲೆ ಹೂವಿನ ಚಿತ್ತಾರ. 2007ರ ಕ್ಯಾಮೆಲ್ ನಂಬರ್ ನೈನ್ ಪರ್ಫ್ಯೂಮ್ ಡಬ್ಬಿ ಥರ, ಕಪ್ಪಿನ ಮೇಲೆ ಗುಲಾಬಿ. 'ಲೈಟ್', 'ಮೈಲ್ಡ್' ಪದ ಕಂಡ್ರೆ ಮಾತ್ರ ನಿಲ್ಲಿ. ಫಿಲ್ಟರ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿದ್ದು ಅಳೆಯೋ ಮೆಷೀನ್ ಗಾಳಿ ಸೇರಿಸಿ ಎಳೆಯೋದ್ರಿಂದ ಟಾರ್, ಅಂದ್ರೆ ಹೊಗೇಲಿರೋ ಅಂಟಂಟು ವಿಷ, ಕಮ್ಮಿ ತೋರಿಸ್ತಿತ್ತು, ಮನುಷ್ಯರ ಬೆರಳು ತುಟಿ ಆ ತೂತನ್ನ ಮುಚ್ಚತ್ತೆ, ನಿಕೋಟಿನ್ ಸಾಲ್ದು ಅಂತ ಇನ್ನೂ ಜೋರಾಗಿ ಎಳೀತಾರೆ. ಬಿಡೋಣ ಅಂತ ಯೋಚನೆ ಮಾಡ್ತಿದ್ದ ಎಷ್ಟೋ ಹೆಂಗಸರು ಇದು ಪರವಾಗಿಲ್ಲ ಅಂತ ಬದಲಾಯಿಸ್ಕೊಂಡ್ರು. ಅಮೆರಿಕದಲ್ಲಿ ಈ ಪದಗಳಿಗೆ ತಡೆ ಬಿದ್ದದ್ದು 2010ರಲ್ಲಿ.

ಜಾಹೀರಾತು ಬಂದ ಮ್ಯಾಗಜೀನ್ ಪೂರ್ತಿ ಸಿಕ್ರೆ ಬಿಡ್ಬೇಡಿ, ಪರಿವಿಡಿ ನೋಡಿ. ಡಯಟ್, ಚರ್ಮ, ಹೃದಯ ಎಲ್ಲದರ ಬಗ್ಗೆ ಲೇಖನ ಇದ್ದು ಸಿಗರೇಟ್ ಬಗ್ಗೆ ಒಂದಕ್ಷರ ಇಲ್ದೇ ಇರೋದು ಎಷ್ಟೋ ಸಲ ಕಾಣತ್ತೆ. 1992ರ ಒಂದು ಅಧ್ಯಯನದ ಪ್ರಕಾರ ಸಿಗರೇಟ್ ಜಾಹೀರಾತು ತಗೊಳ್ಳೋ ಪತ್ರಿಕೆಗಳಲ್ಲಿ ಅದರ ಅಪಾಯದ ಬಗ್ಗೆ ಲೇಖನ ಬರೋ ಸಾಧ್ಯತೆ ಕಮ್ಮಿ, ಹೆಂಗಸರ ಪತ್ರಿಕೆಗಳಲ್ಲಿ ಇದು ಇನ್ನೂ ಎದ್ದು ಕಾಣ್ತಿತ್ತು.

ಕೊನೇ ಕೆಲ್ಸ, ಕಂಪನಿ ತನ್ನೊಳಗೆ ಏನು ಮಾತಾಡ್ಕೊಳ್ತಿತ್ತು ಅಂತ ಪಕ್ಕದಲ್ಲಿಟ್ಟು ಓದೋದು. ಮೊಕದ್ದಮೆಗಳಿಂದ, ಸಿಗರೇಟ್ ಕಂಪನಿಗಳು ಅಮೆರಿಕದ ರಾಜ್ಯಗಳ ಜೊತೆ 1998ರಲ್ಲಿ ಮಾಡ್ಕೊಂಡ ದೊಡ್ಡ ಒಪ್ಪಂದದಿಂದ ಲಕ್ಷಗಟ್ಲೆ ಒಳಗಿನ ದಾಖಲೆಗಳು ಹೊರಗೆ ಬಂದ್ವು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್‌ಲೈನ್ ಸಂಗ್ರಹದಲ್ಲಿ ಯಾರು ಬೇಕಾದ್ರೂ ಫ್ರೀಯಾಗಿ ಹುಡುಕಬಹುದು. ಜಾಹೀರಾತುಗಳ ಚಿತ್ರಗಳಿಗೆ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಗ್ರಹ ಒಳ್ಳೇದು, ವಿಷಯದ ಪ್ರಕಾರ ಜೋಡಿಸಿದಾರೆ. ಬ್ರ್ಯಾಂಡ್ ಹೆಸರು, ವರ್ಷ, ಜೊತೆಗೆ ಹೆಂಗಸರು ಅನ್ನೋದಕ್ಕೆ ಇಂಗ್ಲಿಷ್ ಪದ ಹಾಕಿ ಹುಡುಕಿ. ಡಕೋಟಾದಿಂದ ಶುರು ಮಾಡಿ. 1990ರಲ್ಲಿ ಆರ್.ಜೆ. ರೆನಾಲ್ಡ್ಸ್ ತರೋಕೆ ಹೊರಟಿದ್ದ ಈ ಬ್ರ್ಯಾಂಡ್‌ನ ಪ್ಲಾನ್ ಪತ್ರಿಕೆಗೆ ಸೋರಿ ಹೋಯ್ತು, ಅದರಲ್ಲಿ ಗುರಿ ಯಾರು ಅಂತ ಬಿಡಿಸಿ ಬರೆದಿತ್ತು: ಹದಿನೆಂಟರಿಂದ ಇಪ್ಪತ್ನಾಲ್ಕರ ಬಿಳಿ ಹುಡುಗಿ, ಹೈಸ್ಕೂಲ್‌ಗಿಂತ ಮುಂದೆ ಓದಿಲ್ಲ, ಸಣ್ಣ ಕೆಲ್ಸ, ಬಾಯ್‌ಫ್ರೆಂಡ್ ಏನು ಮಾಡ್ತಾನೋ ಅದೇ ಇವಳ ಬಿಡುವಿನ ಸಮಯ. ಚಿತ್ರದಲ್ಲಿ ಸ್ವತಂತ್ರ ಹುಡುಗಿ, ಕಡತದಲ್ಲಿ ಆಯ್ಕೆಗಳೇ ಕಮ್ಮಿ ಇರೋ ಹುಡುಗಿ. ನೀವು ಹುಡುಕೋ ಪ್ರತಿ ಬ್ರ್ಯಾಂಡ್‌ಗೂ ಹೀಗೆ ಎರಡು ಕಾಲಂ ಮಾಡಿ, ಒಂದರಲ್ಲಿ ಜಾಹೀರಾತು ಹೇಳಿದ್ದು, ಇನ್ನೊಂದರಲ್ಲಿ ಕಂಪನಿ ಬರ್ಕೊಂಡದ್ದು, ಮತ್ತೆ ಚಿತ್ರ ಸೇವ್ ಮಾಡುವಾಗ ಫೈಲ್ ಹೆಸರಲ್ಲೇ ಪತ್ರಿಕೆ, ತಿಂಗಳು, ವರ್ಷ ಹಾಕ್ಬಿಡಿ, ಆಮೇಲೆ ಹುಡುಕೋದು ಕಷ್ಟ.